ಹೊಗೆ ಅಡುಗೆಮನೆಯಲ್ಲಿ, ನಿಬಂಧ ಗಿರಣಿಯ ಮೇಲೆ!

ಐದನೆಯ ಇಯತ್ತೆಯ ಮಕ್ಕಳಿಗೆ ‘ವಾಯುಮಾಲಿನ್ಯ’ದ ಮೇಲೆ ನಿಬಂಧ ಬರೆಯಲು ಹೇಳಿ ನೋಡಿ. ಹಾಳೆಯ ತುಂಬ ಗಿರಣಿಯ ಚಿಮಣಿ, ಟ್ರಕ್ಕು, ಟೆಂಪೋ! ಅವ್ವ ಊದುವ ಒಲೆ ಮಾತ್ರ ಎಲ್ಲಿಯೂ ಇರುವುದಿಲ್ಲ. ತಪ್ಪು ಮಕ್ಕಳದಲ್ಲ. ಮಾಲಿನ್ಯವೆಂದರೆ ಹೊರಗಿನದು, ಮನೆಯೊಳಗಿನ ಹೊಗೆ ಎಂದರೆ ಸಂಸಾರ ಎಂಬ ನಮ್ಮ ಹಳೆಯ ನಂಬಿಕೆಯದು.

ಗಡಹಿಂಗ್ಲಜ ತಾಲೂಕಿನ ನಮ್ಮ ಕನ್ನಡ ಹಳ್ಳಿಗಳನ್ನೇ ತೆಗೆದುಕೊಳ್ಳಿ. ಕಬ್ಬಿನ ರವದಿ, ಕುಳ್ಳು, ಹಸಿ ಕಟಗಿ, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ. ಮಳೆಗಾಲದಲ್ಲಿ ಬೆಳಕಿಂಡಿಯೂ ಮುಚ್ಚಿರುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ, 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿವೆ. ಈ ಕಣಗಳು ಮೂಗಿನಲ್ಲಿ ನಿಲ್ಲುವುದಿಲ್ಲ, ಪುಪ್ಪುಸದ ತಳಕ್ಕೇ ಇಳಿಯುತ್ತವೆ. ದಿನದ ಸರಾಸರಿ ಒಂದು ಘನಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಹೊಗೆ ತುಂಬಿದ ಅಡುಗೆಮನೆಯಲ್ಲಿ ಅದು ನೂರಾರಕ್ಕೆ ಏರುತ್ತದೆ. ಅದೇ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಸತ್ತವರು ಜಗತ್ತಿನಲ್ಲಿ 32 ಲಕ್ಷ ಜನ. ಅವರಲ್ಲಿ 2,37,000ಕ್ಕೂ ಹೆಚ್ಚು ಐದು ವರ್ಷದೊಳಗಿನ ಕೂಸುಗಳು. ಹೆಂಗಸರಿಗೆ ದಮ್ಮು, ಕಣ್ಣಿನ ಪೊರೆ, ಕೂಸಿಗೆ ನ್ಯುಮೋನಿಯಾ. ಬೀಡಿ ಮುಟ್ಟದ ಅವ್ವನಿಗೆ ಬೀಡಿ ಸೇದುವವನ ರೋಗ!

“ನಮ್ಮ ಅಜ್ಜಿ ಒಲೆ ಊದಿಯೇ ತೊಂಬತ್ತು ವರ್ಷ ಬದುಕಿದಳು” ಎನ್ನುವವರಿದ್ದಾರೆ. ಬದುಕಿದ ಅಜ್ಜಿ ಕಣ್ಣಿಗೆ ಕಾಣುತ್ತಾಳೆ. ಕೆಮ್ಮಿ ಕೆಮ್ಮಿ ಐವತ್ತಕ್ಕೇ ಹೋದವಳ ಲೆಕ್ಕ ಇಟ್ಟವರಾರು? “ಒಲೆಯ ಮೇಲಿನ ರೊಟ್ಟಿಯ ರುಚಿಯೇ ಬೇರೆ” ಎನ್ನುವವರೂ ಇದ್ದಾರೆ. ಹೌದು, ಬೇರೆಯೇ. ಆದರೆ ಹಾಗೆನ್ನುವ ಗಂಡಸು ಕಟ್ಟೆಯ ಮೇಲೆ ಕೂತು ತಿನ್ನುತ್ತಾನೆ, ಊದುಗೊಳವಿ ಹಿಡಿಯುವುದಿಲ್ಲ.

ಇನ್ನು ಸರಕಾರ. 2016ರಲ್ಲಿ ಉಜ್ವಲಾ ಯೋಜನೆ ಬಂತು, ಸಿಲಿಂಡರ್ ಬಂತು. ಎರಡನೆಯ ಸಿಲಿಂಡರಿಗೆ ಹಣ? 2022ರಲ್ಲಿ 200 ರೂಪಾಯಿ, 2023ರಲ್ಲಿ 300 ರೂಪಾಯಿ ಸಬ್ಸಿಡಿ ಕೊಡಬೇಕಾಗಿ ಬಂದದ್ದೇ ಬಡವರ ಕೈಗೆ ಗ್ಯಾಸು ಎಟಕುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ಶೇ. 58.6 ಮಾತ್ರ. ಉಳಿದವರನ್ನು ‘ಹಟಮಾರಿ ಹೆಂಗಸರು’ ಎಂದು ಬೈಯುವುದು ಸುಲಭ. ಪುಕ್ಕಟೆ ಸಿಗುವ ರವದಿಯ ಎದುರು ಸಿಲಿಂಡರಿನ ದರ ಇಟ್ಟು ನೋಡಿ, ಅವರ ಲೆಕ್ಕ ಎಷ್ಟು ಸರಿ ಎಂದು ತಿಳಿಯುತ್ತದೆ.

ಇಚಲಕರಂಜಿಯ ಕಥೆ ಬೇರೆ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ತಂದರು, ಊರು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಆಯಿತು. ಮನೆಗೆ ಅಂಟಿಯೇ ಮಗ್ಗದ ಶೆಡ್ಡು ಇದ್ದರೆ ಹತ್ತಿಯ ಧೂಳು ಹಾಸಿಗೆಗೂ ಬರುತ್ತದೆ, ಅನ್ನಕ್ಕೂ ಬರುತ್ತದೆ. ಹತ್ತಿ ಧೂಳಿನ ಎದೆರೋಗಕ್ಕೆ ಬಿಸಿನೋಸಿಸ್ ಎನ್ನುತ್ತಾರೆ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ನೂಲು ಗಿರಣಿಯಲ್ಲಿ ಇದು ಹೆಚ್ಚು, ಮಗ್ಗದಲ್ಲಿ ಕಡಿಮೆ, ನಿಜ. ಆದರೆ ಗಿರಣಿಯ ಕಾರ್ಮಿಕ ಪಾಳಿ ಮುಗಿಸಿ ಮನೆಗೆ ಹೋಗುತ್ತಾನೆ. ಶೆಡ್ಡೇ ಮನೆಯಾದವನ ಮಗು ಎಲ್ಲಿಗೆ ಹೋಗಬೇಕು? 1948ರ ಕಾರ್ಖಾನೆ ಕಾಯ್ದೆಯಲ್ಲಿ ಈ ರೋಗದ ಹೆಸರಿತ್ತು. ನಾಲ್ಕಾರು ಮಗ್ಗದ ಮನೆಗೆ ಆ ಕಾಯ್ದೆಯೇ ತಲುಪಲಿಲ್ಲ.

ರಾತ್ರಿ ಬಾಗಿಲು ಹಾಕಿ ಸೊಳ್ಳೆಬತ್ತಿ ಹಚ್ಚಿ ಮಕ್ಕಳನ್ನು ಓದಲು ಕೂಡಿಸುತ್ತೇವಲ್ಲ, ಒಂದು ಬತ್ತಿ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆಂದು 2003ರಲ್ಲೇ ಸಂಶೋಧಕರು ಅಳೆದು ತೋರಿಸಿದ್ದಾರೆ.

1967ರ ಮಹಾಜನ ವರದಿಯಿಂದ ಈಚೆಗೆ ಯಾವ ಊರು ಯಾರದೆಂದು ಕೂಗಿದ್ದೇ ಕೂಗಿದ್ದು. ಊರೊಳಗಿನ ಅಡುಗೆಮನೆಯ ಬಗ್ಗೆ ಎರಡೂ ಕಡೆಯ ವೀರರು ಬಾಯಿಬಿಟ್ಟದ್ದನ್ನು ನಾನಂತೂ ಕೇಳಿಲ್ಲ. ಅತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ ಮಾಡಿತು. ಕನ್ನಡ ನಾಡಿನ ಆ ಒಲೆಯ ಹೆಸರನ್ನಾದರೂ ನಮ್ಮ ಮಕ್ಕಳು ಕೇಳಬೇಡವೇ?

ನಮ್ಮ ತಾಯಂದಿರಿಗೆ ಅವರ ಮಾತಿನಲ್ಲೇ ಇದನ್ನೆಲ್ಲ ಹೇಳಬಲ್ಲವರು ಕನ್ನಡ ಶಾಲೆಯವರು. ಮುಂದಿನ ಪಾಲಕರ ಸಭೆಯಲ್ಲಿ ಹಾಜರಿ, ಗಣವೇಷದ ಮಾತಿನ ಜೊತೆ ಇದೂ ಬರಲಿ: ಒಲೆ ಉರಿಯುವಾಗ ಕೂಸು ಅವ್ವನ ಬೆನ್ನಿಗೂ ಬೇಡ, ಮಗ್ಗುಲಿಗೂ ಬೇಡ. ಬೆಳಕಿಂಡಿ ತೆರೆದಿರಲಿ, ಕಟಗಿ ಒಣಗಿರಲಿ. ಬತ್ತಿಯ ಬದಲು ಸೊಳ್ಳೆಪರದೆ ಕಟ್ಟಲಿ. ಮಗ್ಗಕ್ಕೂ ಮಲಗುವ ಖೋಲಿಗೂ ನಡುವೆ ಗೋಡೆ ಇರಲಿ, ಧೂಳು ಗುಡಿಸುವ ಮುನ್ನ ನೀರು ಚಿಮುಕಿಸಲಿ. ಕೈಲಾದವರು ಗ್ಯಾಸಿಗೆ ಹೋಗಲಿ, ಕೈಲಾಗದವರ ಪರವಾಗಿ ಗ್ರಾಮಸಭೆಯಲ್ಲಿ ನಾವು ಎದ್ದು ನಿಲ್ಲೋಣ.

“ಕಲಿಸುವವರಿಗೆ ಒಲೆಯ ಉಸಾಬರಿ ಏಕೆ?” ಎನ್ನುವವರಿಗೆ ಒಂದೇ ಉತ್ತರ. ರಾತ್ರಿಯಿಡೀ ಕೆಮ್ಮಿದ ಮಗು ಬೆಳಿಗ್ಗೆ ಮಗ್ಗಿ ಹೇಳಲಾರದು. ಏನಂತೀರಿ, ಗುರುಗಳೇ?