ಅರಾವಳಿ: ಆಕಾಶದಿಂದ ಕಾಣುವುದೆಷ್ಟು, ಕಾಣದೇ ಉಳಿಯುವುದೆಷ್ಟು?

ಫರೀದಾಬಾದ್: ದೆಹಲಿಗೆ ಅಂಟಿಕೊಂಡಿರುವ ಹರಿಯಾಣದ ಫರೀದಾಬಾದ್‌ನಲ್ಲಿ 2025ರ ಜೂನ್‌ನಲ್ಲಿ ಅರಾವಳಿ ಒತ್ತುವರಿ ತೆರವು ಮತ್ತೆ ಚುರುಕುಗೊಂಡಿತು. ಅನಂಗಪುರ, ಅಂಖೀರ್, ಲಕ್ಕಡಪುರ ಮತ್ತು ಮೇವ್ಲಾ ಮಹಾರಾಜಪುರದಲ್ಲಿ 6,793 ಅನಧಿಕೃತ ನಿರ್ಮಾಣಗಳಿವೆ ಎಂದು ಅರಣ್ಯ ಇಲಾಖೆಯ ಸಮೀಕ್ಷೆ ಗುರುತಿಸಿತ್ತು. ಆದರೆ ನಕ್ಷೆಯ ಮೇಲಿನ ಗುರುತುಗಳಷ್ಟೇ ಅರಾವಳಿಯನ್ನು ಉಳಿಸಬಲ್ಲವೇ?

ಚಿತ್ರದ ಬಲ

ಹಳೆಯ ಭೂನಕ್ಷೆಯ ಪಕ್ಕ ಹೊಸ ಉಪಗ್ರಹ ಚಿತ್ರ ಇಟ್ಟರೆ ನಷ್ಟ ಕಣ್ಣಿಗೆ ರಾಚುತ್ತದೆ. ರಾಜಸ್ಥಾನದಲ್ಲಿ ಪರಿಶೀಲಿಸಿದ 128 ಗುಡ್ಡಗಳ ಪೈಕಿ 31 ಗುಡ್ಡಗಳು 1967-68ರ ನಂತರ ಕಣ್ಮರೆಯಾಗಿವೆ ಎಂಬ ವರದಿ 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಡ್ರೋನ್ ನಕ್ಷೆಗಾಗಿ ಹರಿಯಾಣವು 2019ರಲ್ಲೇ ಸರ್ವೆ ಆಫ್ ಇಂಡಿಯಾ ಜತೆ ಒಪ್ಪಂದ ಮಾಡಿಕೊಂಡಿದೆ.

ಚಿತ್ರದ ಮಿತಿ

ಚಿತ್ರ ತೋರಿಸುವುದು ಛಾವಣಿಯನ್ನು. ಆ ಜಾಗ ಅರಣ್ಯವೇ ಎಂದು ಹೇಳುವುದು ಕಾನೂನು. 1900ರ ಪಂಜಾಬ್ ಭೂ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 4ರ ವಿಶೇಷ ಆದೇಶಕ್ಕೆ ಒಳಪಟ್ಟ ಭೂಮಿ ಅರಣ್ಯವೇ ಎಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ನಮ್ಮ ಊರು ಆ ಕಾಯ್ದೆಗಿಂತಲೂ ಹಳೆಯದು ಎಂಬುದು ಅನಂಗಪುರದ ಗ್ರಾಮಸ್ಥರ ವಾದ. ಇದೇ ಫರೀದಾಬಾದ್‌ನ ಖೋರಿ ಗ್ರಾಮದಲ್ಲಿ 2021ರಲ್ಲಿ ಸುಮಾರು 10,000 ಮನೆಗಳ ತೆರವಿಗೆ ಕೋರ್ಟ್ ಆದೇಶಿಸಿತ್ತು. ಅಲ್ಲಿ ನಿವೇಶನ ಮಾರಿದವರು ಯಾರು ಎಂಬುದು ಯಾವ ಕ್ಯಾಮೆರಾಗೂ ಕಾಣುವುದಿಲ್ಲ.

100 ಮೀಟರ್ ಪ್ರಶ್ನೆ

ಸುತ್ತಲಿನ ನೆಲಮಟ್ಟಕ್ಕಿಂತ 100 ಮೀಟರ್ ಅಥವಾ ಹೆಚ್ಚು ಎತ್ತರವಿದ್ದರೆ ಮಾತ್ರ ಅರಾವಳಿ ಬೆಟ್ಟ ಎಂಬ ವ್ಯಾಖ್ಯಾನವನ್ನು 2025ರ ನವೆಂಬರ್ 20ರಂದು ಒಪ್ಪಿದ್ದ ಸುಪ್ರೀಂ ಕೋರ್ಟ್, ಡಿಸೆಂಬರ್ 29ರಂದು ತನ್ನ ಆದೇಶವನ್ನೇ ತಡೆಹಿಡಿಯಿತು. ಹೊಸ ತಜ್ಞರ ಸಮಿತಿಯ ಪ್ರಸ್ತಾಪವನ್ನೂ ಮುಂದಿಟ್ಟಿತು. ಅರಾವಳಿಯ ಶೇ 90ಕ್ಕೂ ಹೆಚ್ಚು ಭಾಗ ಸುರಕ್ಷಿತ ಎಂದು ಕೇಂದ್ರ ಸರ್ಕಾರ ಹೇಳಿದರೆ, ತಗ್ಗು ಗುಡ್ಡಗಳು ರಕ್ಷಣೆ ಕಳೆದುಕೊಳ್ಳುತ್ತವೆ ಎಂಬುದು ಪರಿಸರವಾದಿಗಳ ಆತಂಕ.

ಎತ್ತರ ಅಳೆಯುವುದು ಇಂದು ಕಷ್ಟವಲ್ಲ. ಏನನ್ನು ಅಳೆಯಬೇಕು ಎಂಬುದೇ ಪ್ರಶ್ನೆ. ಬಂಡೆಗಳ ಬಿರುಕಿನಲ್ಲಿ ಮಳೆನೀರು ಇಳಿಸಿ ಅಂತರ್ಜಲ ತುಂಬುವ, ಥಾರ್ ಕಡೆಯಿಂದ ಬೀಸುವ ಮರಳು ಗಾಳಿಗೆ ಅಡ್ಡ ನಿಲ್ಲುವ ಕೆಲಸವನ್ನು ತಗ್ಗು ಗುಡ್ಡಗಳೂ ಮಾಡುತ್ತವೆ.

ಕರಾವಳಿಯ ಪಾಠ

ಕರ್ನಾಟಕದ ಕರಾವಳಿಗೆ ಎತ್ತರವೇ ಮಾನದಂಡವಾಗಿದ್ದರೆ ಕೆಲವೇ ಮೀಟರ್ ಎತ್ತರದ ಮರಳು ದಿಬ್ಬಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅವನ್ನು ಅತಿ ಸೂಕ್ಷ್ಮವಾದ 1ಎ ವಲಯದಲ್ಲಿ ಇಟ್ಟಿದೆ. ಕಡಲ ಅಲೆ ತಡೆಯುವುದು, ಆಮೆಗಳು ಮೊಟ್ಟೆ ಇಡುವ ತೀರವನ್ನು ಕಾಯುವುದು ಅವುಗಳ ಕೆಲಸ. ಅಲ್ಲಿ ಕರಡು ನಕ್ಷೆಯ ಬಗ್ಗೆ ಜನರ ಆಕ್ಷೇಪಣೆ ಆಲಿಸುವ ವ್ಯವಸ್ಥೆಯೂ ಇದೆ.

ಅರಾವಳಿಗೂ ಬೇಕಿರುವುದು ಇದೇ ಕ್ರಮ. ಗುಡ್ಡ ಮಾಡುವ ಕೆಲಸ ನೋಡಿ ವ್ಯಾಖ್ಯಾನ, ನಂತರ ನಕ್ಷೆ, ಅದರ ಮೇಲೆ ಸ್ಥಳೀಯರ ಮಾತು. ಬುಲ್ಡೋಜರ್ ಬರುವುದಾದರೆ ಇವೆಲ್ಲ ಮುಗಿದ ಮೇಲಷ್ಟೇ.