ಚಮಚ ಅವನು, ಫೋರ್ಕ್ ಅವಳು

ಜರ್ಮನಿಯ ಟ್ಯೂಬಿಂಗನ್‌ಗೆ ಓದಲು ಹೋದ ಮೊದಲ ತಿಂಗಳು ನಾನು ಊರು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ. ತರಗತಿ, ಗ್ರಂಥಾಲಯ, ಕೋಣೆ. ರಾತ್ರಿಯಾದರೆ ಫೋನಿನಲ್ಲಿ ಮನೆಯವರ ಜೊತೆ ಮಾತು. ಸುಮಾರು 90 ಸಾವಿರ ಜನರ ಆ ಪುಟ್ಟ ಊರಿನ ವಿಶ್ವವಿದ್ಯಾಲಯದಲ್ಲಿ 25 ಸಾವಿರಕ್ಕೂ ಮಿಕ್ಕಿ ಜನ ಓದುತ್ತಾರೆ. ಅಷ್ಟು ಮಂದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ.

ಸ್ನೇಹ ಕೊಟ್ಟದ್ದು ಅಡುಗೆಮನೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಕೋಣೆ ಒಬ್ಬೊಬ್ಬರಿಗೆ ಒಂದೊಂದು, ಒಲೆ ಮಾತ್ರ ಎಲ್ಲರಿಗೂ ಸೇರಿದ್ದು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಮರೆತರೆ ಭಾನುವಾರ ಈರುಳ್ಳಿ ಕೈಗಡ ಕೇಳಲೇಬೇಕು. ಹಾಗೆ ಕೇಳಿದ ಎರಡು ಈರುಳ್ಳಿಯಿಂದಲೇ ನನಗೆ ಒಬ್ಬ ಕೊಲಂಬಿಯಾದ ಗೆಳೆಯ, ಒಬ್ಬಳು ಟರ್ಕಿಯ ಗೆಳತಿ ಸಿಕ್ಕರು.

ನಮ್ಮ ನಡುವಿನ ಭಾಷೆ ಜರ್ಮನ್. ಅದು ಮೂವರಿಗೂ ಸಾಲದ ಭಾಷೆ. ಒಂದು ರಾತ್ರಿ ಊಟದ ಮೇಜಿನ ಮೇಲೆ ಚಮಚ, ಫೋರ್ಕ್, ಚಾಕು ಸಾಲಾಗಿಟ್ಟು ಪದದ ಲಿಂಗ ಹೇಳುವ ಡೆರ್, ಡೀ, ಡಾಸ್ ಬಾಯಿಪಾಠ ಮಾಡುತ್ತಿದ್ದೆವು. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಕೊಲಂಬಿಯಾದವನು ತಲೆ ಹಿಡಿದುಕೊಂಡ: ಅವನ ಸ್ಪ್ಯಾನಿಶ್‌ನಲ್ಲಿ ಚಮಚ ಹೆಣ್ಣು, ಫೋರ್ಕ್ ಗಂಡು. ಟರ್ಕಿಯವಳ ಭಾಷೆಯಲ್ಲಿ ಲಿಂಗವೇ ಇಲ್ಲ. ಅವನು, ಅವಳು, ಅದು ಎಲ್ಲಕ್ಕೂ ಒಂದೇ ಸರ್ವನಾಮ. ನಿನ್ನ ಭಾಷೆಯಲ್ಲಿ ಹೇಗೆ ಎಂದು ಇಬ್ಬರೂ ನನ್ನತ್ತ ತಿರುಗಿದರು. ಮನುಷ್ಯರಿಗೆ ಅವನು, ಅವಳು. ಮೇಜಿನ ಮೇಲಿರುವ ಈ ಮೂರಕ್ಕೂ ‘ಅದು’ ಎಂದೆ. ಹುಟ್ಟಿದಾಗಿನಿಂದ ಆಡುತ್ತಿದ್ದ ಕನ್ನಡದ ಅಚ್ಚುಕಟ್ಟನ್ನು ನಾನು ಮೊದಲ ಸಲ ಗಮನಿಸಿದ್ದು ಆ ರಾತ್ರಿ.

ಇಂಗ್ಲಿಷ್ ಚೆನ್ನಾಗಿ ಬಲ್ಲವರ ನಡುವೆ ನಾನು ಸದಾ ಒಂದು ಮೆಟ್ಟಿಲು ಕೆಳಗೆ ನಿಂತವರ ಹಾಗೆ ಮಾತಾಡುತ್ತಿದ್ದೆ. ಇಲ್ಲಿ ಎಲ್ಲರೂ ಸಮವಾಗಿ ಎಡವುವವರು. ಪದ ಸಿಗದಿದ್ದರೆ ಒಬ್ಬರ ಬಾಯಿಗೆ ಇನ್ನೊಬ್ಬರು ಪದ ಹಾಕುತ್ತಿದ್ದೆವು. ಹೊರದೇಶದಲ್ಲಿ ನಮ್ಮವರೇ ಸೇರಿ ಯುಗಾದಿ, ರಾಜ್ಯೋತ್ಸವ ಮಾಡುವುದು ನನಗೂ ಪ್ರೀತಿಯದೇ. ಆದರೆ ಮೊದಲ ವರ್ಷ ಪೂರ್ತಿ ಆ ಗುಂಪಿನೊಳಗೇ ಕಳೆದುಬಿಟ್ಟರೆ ಈ ಎಡವುವ ಸುಖ ತಪ್ಪಿಹೋಗುತ್ತದೆ ಎಂದು, ಹೊರಡಲು ಸಿದ್ಧರಾದ ಮಕ್ಕಳಿಗೆ ನಾನು ಒತ್ತಿ ಹೇಳುತ್ತೇನೆ.

ಊರು ತೋರಿಸಿದವರೂ ಇವರೇ. ನೆಕಾರ್ ನದಿಯ ದಂಡೆಯಲ್ಲಿ ಹಳದಿ ಗೋಪುರವೊಂದಿದೆ. ಕವಿ ಹೋಲ್ಡರ್‌ಲಿನ್ 1807ರಿಂದ 1843ರಲ್ಲಿ ಸಾಯುವತನಕ, 36 ವರ್ಷ, ಅಲ್ಲಿದ್ದ. ಅದನ್ನು ಯಾರ ಸಹಾಯವಿಲ್ಲದೆಯೂ ನೋಡಬಹುದು. ಗುಡ್ಡದ ಮೇಲಿನ ಕೋಟೆಯ ಅಡುಗೆಮನೆಗೆ ಮಾತ್ರ ಕೊಲಂಬಿಯಾದ ಗೆಳೆಯನೇ ಕರೆದೊಯ್ಯಬೇಕಾಯಿತು. ಅವನು ಜೀವಶಾಸ್ತ್ರದ ವಿದ್ಯಾರ್ಥಿ. ಆ ಅಡುಗೆಮನೆ 19ನೇ ಶತಮಾನದಲ್ಲಿ ಪ್ರಯೋಗಾಲಯವಾಗಿತ್ತು. ಸ್ವಿಟ್ಜರ್ಲೆಂಡಿನಿಂದ ಬಂದ ಫ್ರೀಡ್ರಿಕ್ ಮೀಷರ್ ಎಂಬ ತರುಣ 1869ರಲ್ಲಿ, ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಅಂಟಿದ ಕೀವಿನ ಜೀವಕೋಶಗಳಿಂದ ‘ನ್ಯೂಕ್ಲೀನ್’ ಬೇರ್ಪಡಿಸಿದ್ದು ಅಲ್ಲಿಯೇ. ಇಂದು ನಾವು ಡಿಎನ್‌ಎ ಎನ್ನುವುದರ ಮೊದಲ ಗುರುತು ಅದು. ಸದಾ ವಟಗುಟ್ಟುವ ಗೆಳೆಯ ಆ ಅಡುಗೆಮನೆಯ ಕಮಾನಿನ ಕೆಳಗೆ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಕಲ್ಲುಗೋಡೆಗಿಂತ ನನಗೆ ನೆನಪಿರುವುದು ಅವನ ಆ ಮೌನ.

ನಾನು ಅವರಿಗೆ ಏನು ತೋರಿಸಲಿ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್‌ಗೆ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ, 1896ರಲ್ಲಿ. 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ಆ ನಿಘಂಟನ್ನು ಗ್ರಂಥಾಲಯದಿಂದ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದೆ. ನಮ್ಮ ಲಿಪಿಯ ದುಂಡನೆಯ ಅಕ್ಷರಗಳ ಮೇಲೆ ಟರ್ಕಿಯವಳು ಬೆರಳಾಡಿಸಿದಳು. ಒಂದು ಪದ ಓದಿ ಹೇಳು ಎಂದಳು. ‘ಗೆಳೆಯ’ ತೆಗೆದು ಓದಿದೆ.

‘ಗೆಲೆಯ’ ಎಂದಳು. ನಾಲಿಗೆಯ ತುದಿ ಹಿಂದಕ್ಕೆ ಮಡಚಬೇಕು ಎಂದು ಬಾಯಿ ತೆರೆದು ತೋರಿಸಿದೆ. ಕೊಲಂಬಿಯಾದವನೂ ಅನ್ನದ ಪಾತ್ರೆ ಒಲೆಯ ಮೇಲೇ ಬಿಟ್ಟು ಬಂದು, ಪಕ್ಕದಲ್ಲಿ ನಿಂತು, ನಾಲಿಗೆ ಮಡಚತೊಡಗಿದ.