ಅಳಿಲಿಗೊಂದು ಬಟ್ಟಲು, ಅಳಿಲಿಗೊಂದು ಬೋನು

ಖಾಲಿ ಪ್ಲಾಸ್ಟಿಕ್ ಬಾಟಲಿಯ ಹೊಟ್ಟೆ ಕೊಯ್ದು, ಅಡ್ಡಲಾಗಿ ಕೋಲು ತೂರಿಸಿ, ಶೇಂಗಾ ಮತ್ತು ಕಾಯಿಚೂರು ತುಂಬಿ ಹಿತ್ತಲಿನ ಪೇರಲೆ ಮರಕ್ಕೆ ತೂಗುಹಾಕುವುದು ಈಗ ಮಲೆನಾಡಿನ ಮನೆಗಳಲ್ಲೂ ಪರಿಸರಪ್ರೇಮದ ಗುರುತಾಗಿದೆ. ಶಾಲೆಗಳಲ್ಲಿ ಮಕ್ಕಳಿಂದ ಇದನ್ನು ಮಾಡಿಸಿ ಅಂಕ ಕೊಡುವುದೂ ಉಂಟು. ಇಂಥ ಮನೆಯವರ ತೋಟಕ್ಕೆ ಇಳಿದು ನೋಡಿ. ಕೋಕೋ ಗಿಡದ ಕವಲಿನಲ್ಲಿ ತಂತಿಯ ಬೋನು, ಅದರೊಳಗೂ ಅದೇ ಕಾಯಿಚೂರು! ಹಿತ್ತಲಿನಲ್ಲಿ ಉಣಿಸಿ ತೋಟದಲ್ಲಿ ಕೊಲ್ಲುವ ಈ ವ್ಯವಹಾರವನ್ನು ಯಾವ ಬಾಯಿಂದ ಪ್ರೇಮವೆನ್ನೋಣ?

ಅಳಿಲು ಕೋಕೋ ತಿನ್ನುತ್ತದೆ, ನಿಜ. ಆದರೆ ಕಾಯಿಯ ನಡುಭಾಗ ಕೊರೆದಿದ್ದರೆ ಸಾಮಾನ್ಯವಾಗಿ ಅದು ಅಳಿಲಿನ ಕೆಲಸ. ತೊಟ್ಟಿನ ಬಳಿ ಕೊರೆದಿದ್ದರೆ ಇಲಿಯದು. ಎರಡನ್ನೂ ಅಳಿಲಿನ ಲೆಕ್ಕಕ್ಕೇ ಬರೆಯುವ ರೈತರನ್ನು ಕಂಡಿದ್ದೇನೆ. ಹಣ್ಣಾಗತೊಡಗಿದ ಕೂಡಲೇ ಕಾಯಿ ಕೊಯ್ದರೆ ಅಳಿಲಿನ ಹಾನಿ ಬಹುಪಾಲು ತಪ್ಪುತ್ತದೆ. ಕೊಯ್ಲಿಗೆ ಆಳು ಸಿಗದ ಕಷ್ಟ ನನಗೂ ಗೊತ್ತು. ಅದಕ್ಕೆ ಅಳಿಲು ಹೊಣೆಯಲ್ಲ.

ಇನ್ನು ಆ ಬಾಟಲಿಯ ವಿಚಾರ. ನಮ್ಮ ಮಳೆಗಾಲದ ತೇವದಲ್ಲಿ ಶೇಂಗಾ ಬೇಗ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅದರಲ್ಲಿ ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ತಿಂದ ಪ್ರಾಣಿಯ ಯಕೃತ್ತನ್ನು ಕೆಡಿಸುತ್ತದೆ. ನೆಲಕ್ಕೆ ಉದುರಿದ ಕಾಳಿಗೆ ರಾತ್ರಿ ಇಲಿ ಬರುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ, ಇಲಿಯ ಬೆನ್ನಿಗೆ ಹಾವು. ಹಗಲಿನಲ್ಲಿ ಶೇಂಗಾ ಕಂಡ ಮಂಗ ಸುಮ್ಮನೆ ಹೋದೀತೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣ್ಣೆಗಳು ಮರಿ ಹಂತದಲ್ಲಿ ಇಲಿ, ಮೂಗಿಲಿ, ಕಾಡಿನ ಅಳಿಲುಗಳಂಥ ಸಣ್ಣ ಪ್ರಾಣಿಗಳ ರಕ್ತ ಹೀರಿ ಬೆಳೆಯುತ್ತವೆ. ಸೋಂಕಿನಿಂದ ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣ್ಣೆಗಳು ಸುತ್ತಲೂ ಚದುರುತ್ತವೆ. ಅಂಥ ಸೀಮೆಯಲ್ಲಿ ಈ ಪ್ರಾಣಿಗಳನ್ನೆಲ್ಲ ಊಟವಿಟ್ಟು ಅಡುಗೆಮನೆಯ ಬಾಗಿಲಿಗೆ ಕರೆಯುವುದು ಯಾವ ಜಾಣತನ?

ಹಿಮ ಸುರಿಯುವ ದೇಶಗಳವರು ಚಳಿಗಾಲದಲ್ಲಿ ಕಾಳಿಡುವುದನ್ನು ನೋಡಿ ಕಲಿತ ಪಾಠವಿದು. ಇಲ್ಲಿ ಅತ್ತಿ, ಬಸರಿ, ಗೋಳಿ, ನೇರಳೆ, ಹಲಸುಗಳಿದ್ದರೆ ಅಳಿಲು ಯಾರ ಹಂಗಿಗೂ ಬೀಳದು. ನಮ್ಮ ಕೆಂದಳಿಲಂತೂ ನೆಲಕ್ಕಿಳಿಯುವುದೇ ಅಪರೂಪ. ಗೂಡು, ಊಟ, ಓಡಾಟ ಎಲ್ಲವೂ ಅದಕ್ಕೆ ಮರದ ಮೇಲೆಯೇ. ಸೊಪ್ಪಿನ ಬೆಟ್ಟವನ್ನು ಬೋಳು ಮಾಡಿ, ರಸ್ತೆ ಅಗಲ ಮಾಡಿ ಕೊಂಬೆಯಿಂದ ಕೊಂಬೆಗಿದ್ದ ದಾರಿಯನ್ನು ನಾವೇ ಕಡಿದಿದ್ದೇವೆ. ರಾಮಸೇತುವೆಗೆ ಮರಳು ಹೊತ್ತಿತೆಂದು ಕೊಂಡಾಡುವ ಪ್ರಾಣಿಯ ಕುಲಕ್ಕೇ ಇಂದು ರಸ್ತೆ ದಾಟಲು ಸೇತುವೆಯಿಲ್ಲ.

ಬಾಟಲಿಯನ್ನು ಇಳಿಸಿಬಿಡಿ. ಬೇಲಿಯ ಮೂಲೆಯಲ್ಲಿ ತಾನಾಗಿ ಹುಟ್ಟಿದ ಅತ್ತಿಯನ್ನು ಕಡಿಯಬೇಡಿ. ಶಾಲೆಯ ಮಕ್ಕಳು ತಾವು ನಡೆಯುವ ರಸ್ತೆಯ ಎರಡೂ ಬದಿಯ ಕೊಂಬೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕಡಿದುಹೋಗಿವೆ ಎಂದು ಗುರುತು ಹಾಕಿ ಒಂದು ನಕ್ಷೆ ಬರೆಯಲಿ. ಮುಂದಿನ ಬಾರಿ ರಸ್ತೆಬದಿಯ ಮರಗಳಿಗೆ ನಂಬರು ಬರೆಯಲು ಬಂದವರ ಮುಂದೆ, ಗ್ರಾಮಸಭೆಯಲ್ಲಿ, ಆ ನಕ್ಷೆಯನ್ನು ಹಾಸೋಣ.